ಅಂಕೋಲೆಯಲ್ಲಿ ಚಿಲಕವಿಲ್ಲ

ಕಿಟಕಿ ಪಕ್ಕ ಬೇಡ ಸಾಯೀಶ, ಈಚೆ ಕೂರು,
ನಡುದಾರಿಯ ಕಡೆ. ಎದ್ದು ಓಡಬೇಕಾದಾಗ
ಯಾರ ಮೊಣಕಾಲನ್ನೂ ದಾಟಬೇಕಿಲ್ಲ.
ಇದು ಮೊದಲ ಪಾಠ. ಉಳಿದದ್ದು ಬಿಣಗಾ ಘಟ್ಟ ದಾಟಲಿ.

ಕೆಳಗೆ ನಿನ್ನಮ್ಮ. ಬೈತಖೋಲದಿಂದ ನೇರ ಬಂದವಳು,
ಮೊಣಕೈವರೆಗೆ ಬಂಗಡೆಯ ಹುರುಪೆ.
ಏಳು ವರ್ಷ ಎದೆಗವಚಿ ಹಿಡಿದ ನೀಲಿ ಫೈಲನ್ನು
ಕಿಟಕಿಯಿಂದ ಕೊಟ್ಟಳು, ಮತ್ತೆ ಇಸಿದುಕೊಂಡಳು,
ಒಂದು ಕಾಗದ ನೇರ ಮಾಡಿ ಮತ್ತೆ ಕೊಟ್ಟಳು.
‘ಪೂತಾ, ಡಾಕ್ಟರಿಗೆ ಹೇಳು,
ನಮಗೆ ಈಗ ದಿನಕ್ಕೆ ನಾಲ್ಕೇ ಸಲ.’
ನಮಗೆ!
ನಗಬೇಡ. ನನ್ನಮ್ಮನೂ ಹಾಗೇ ಅನ್ನುತ್ತಿದ್ದಳು,
ನನ್ನ ಕರುಳು ಇಬ್ಬರ ಜಂಟಿ ಖಾತೆ ಎಂಬಂತೆ.
ಈ ಸಲ ನೀನು ಬರಬೇಡ ಅಂತ ಅವಳಿಗೆ ಹೇಳಿದ್ದು ನಾನೇ.
ಮೂರು ದಿನ ಮಾತು ಬಿಟ್ಟಿದ್ದಳು.

ಬರೆದುಕೋ.
ಅಂಕೋಲೆ ಬಸ್‌ಸ್ಟ್ಯಾಂಡು: ಚಿಲಕವಿಲ್ಲ, ಬಾಗಿಲಿಗೆ ಕಾಲು ಒಡ್ಡಬೇಕು.
ಕುಮಟೆ: ಐದು ರೂಪಾಯಿ. ಚಿಲ್ಲರೆಯೇ ಬೇಕು ಅನ್ನುತ್ತಾನೆ,
ನಿನ್ನ ಮುಖ ನೋಡಿಯೂ ಅನ್ನುತ್ತಾನೆ. ಮುಷ್ಟಿಯಲ್ಲಿಟ್ಟುಕೋ.
ಹೊನ್ನಾವರದ ಸೇತುವೆಯ ಮೇಲೆ ಏನೂ ಇಲ್ಲ,
ಬರೀ ಶರಾವತಿ. ಅಲ್ಲಿ ಉಸಿರು ಎಣಿಸು.
ಭಟ್ಕಳದಲ್ಲಿ ಶಾಬಂದ್ರಿ ಸಾಹೇಬರ ಹೋಟೆಲು,
ಡಿಪೋದ ದಯಾನಂದ ಕಳಿಸಿದ ಅನ್ನು ಸಾಕು,
ಚಹಾ ಕುಡಿಯದಿದ್ದರೂ ಹಿಂದಿನ ಬಾಗಿಲು ತೆಗೆಯುತ್ತಾರೆ.

ಡಾಕ್ಟರ ಮುಂದೆ ‘ಹೊಟ್ಟೆ ಸರಿಯಿಲ್ಲ’ ಅನ್ನಬೇಡ,
ಅದನ್ನು ಊರೆಲ್ಲ ಅನ್ನುತ್ತದೆ.
ಎಷ್ಟು ಸಲ, ಯಾವ ಹೊತ್ತು, ಏನು ಬಣ್ಣ.
ಗುಳಿಗೆಯ ಹೆಸರು ಹೇಳು. ಹಳದಿ ಗುಳಿಗೆ ಅನ್ನುವುದು
ಚಿಕ್ಕವರಿಗೆ ನಡೆಯುತ್ತಿತ್ತು.

ನನಗೆ ಹದಿನೆಂಟಾದಾಗ
‘ಇನ್ನು ನೀನು ದೊಡ್ಡವರ ಕಡೆ’ ಅಂದಿದ್ದರು.
ದೊಡ್ಡವರು ಯಾವ ಕಡೆ ಅಂತ ಯಾರೂ ಹೇಳಲಿಲ್ಲ.
ಹೊಟ್ಟೆ ಸುಮ್ಮನಿತ್ತು, ನಾನೂ ಸುಮ್ಮನಾದೆ.
ಗುಳಿಗೆ ಬಿಟ್ಟೆ. ಒಂದು ವರ್ಷ ಗೆಳೆಯರ ಜೊತೆ
ಕೋಡಿಬಾಗದ ದಂಡೆಯಲ್ಲಿ ಆರೋಗ್ಯವಂತನಾಗಿದ್ದೆ.
ಆಮೇಲೆ ಹುಬ್ಬಳ್ಳಿಯಲ್ಲಿ ಒಂದು ಗೇಣು ಕರುಳನ್ನು
ತಟ್ಟೆಯಲ್ಲಿಟ್ಟು ಅಪ್ಪನಿಗೆ ತೋರಿಸಿದರಂತೆ.
ಅಪ್ಪ ಇವತ್ತಿಗೂ ಮಾಣಕಿ ಮೀನು ಮುಟ್ಟುವುದಿಲ್ಲ.
ಅದಕ್ಕೇ ಈ ಬಸ್ಸು, ಈ ಸೀಟು, ನನ್ನ ಒಂದು ದಿನದ ರಜೆ.

*

ಮಕ್ಕಳ ವಿಭಾಗದ ಗೋಡೆಯಲ್ಲಿ ಒಂದು ಜಿರಾಫೆ ಇತ್ತು,
ಅದರ ಕುತ್ತಿಗೆಯವರೆಗೂ ನೀನು ಬೆಳೆಯಲೇ ಇಲ್ಲ.
ಈ ಮಹಡಿಯ ಗೋಡೆಗೆ ಬರೀ ಬಣ್ಣ.
ಪಕ್ಕದ ಕುರ್ಚಿಯ ಅಜ್ಜ ಕೇಳಿದ,
‘ಯಾರಿಗೆ ಹುಷಾರಿಲ್ಲ ತಮ್ಮಾ, ಅಪ್ಪನಿಗಾ?’

ಹೊಸ ಡಾಕ್ಟರು ಫೈಲು ತೆರೆಯಲಿಲ್ಲ. ‘ಹೇಳು’ ಅಂದರು.
ನೀನು ನನ್ನ ಕಡೆ ನೋಡಿದೆ.
ನಾನು ಫ್ಯಾನು ನೋಡಿದೆ. ಮೂರು ರೆಕ್ಕೆ.
ನಾಲ್ಕನೆಯದು ಇದ್ದರೂ ಇರಬಹುದೆಂದು ಮತ್ತೆ ಎಣಿಸಿದೆ.

‘ಹಗಲು ನಾಲ್ಕು’ ಅಂತು ಒಡೆದ ಗಂಟಲು.
‘ರಾತ್ರಿ ಎರಡು. ಒಮ್ಮೊಮ್ಮೆ ರಕ್ತ.
ರಾತ್ರಿಯದು ಅಮ್ಮನಿಗೆ ಗೊತ್ತಿಲ್ಲ,
ನಲ್ಲಿ ಸಣ್ಣಕೆ ಬಿಟ್ಕೊಳ್ತೆ.’

ಏಳು ವರ್ಷದ ಫೈಲಿನಲ್ಲಿ ಇಲ್ಲದ ಸಾಲು.
ಡಾಕ್ಟರು ಅದನ್ನು ನಿಧಾನ ಬರೆದುಕೊಂಡರು.

*

ವಾಪಸು ಬರುವಾಗ ಶರಾವತಿಯ ಮೇಲೆ ಅಮ್ಮನ ಫೋನು.
ನನಗೆ ದಾಟಿಸುತ್ತೀಯೇನೋ ಅಂತ ಕೈ ಚಾಚಿದೆ.
‘ಮನೆಗೆ ಬಂದು ನಾನೇ ಹೇಳ್ತೆ. ಗುಳಿಗೆ ಬದಲಾಯ್ತು.
ಇನ್ನೊಂದು ಮಾತೂ ಇದೆ... ಈಗ ಬೇಡ.
ಬಂಗಡೆ ಎಷ್ಟಕ್ಕೆ ಹೋಯ್ತು?’
ಚಾಚಿದ ಕೈಯಲ್ಲಿ ಸುಮ್ಮನೆ ಗಡ್ಡ ಕೆರೆದುಕೊಂಡೆ.

ಕುಮಟೆ ದಾಟಿದ ಮೇಲೆ ಪಟ್ಟಿ ತೆಗೆದು
ನನಗೆ ಕಾಣುವಂತೆ ಒಂದು ಸಾಲು ಸೇರಿಸಿದೆ:
ಮಿರ್ಜಾನ ದಾಟಿ ಪೆಟ್ರೋಲ್ ಬಂಕು, ಹಿಂಬದಿ.
ಸಾಬೂನೂ ಇದೆ. ಚಿಲಕ ಗಟ್ಟಿ.

ಹನ್ನೆರಡು ವರ್ಷದಿಂದ ಇದೇ ದಾರಿ, ನನಗದು ಗೊತ್ತೇ ಇಲ್ಲ.
‘ಮೊದಲೇ ಹೇಳಬಾರದಿತ್ತೇನೋ?’
‘ನೀವು ಕೇಳ್ಲೇ ಇಲ್ಲ’ ಎಂದು ನೀನು
ಕಿಟಕಿ ಪಕ್ಕಕ್ಕೆ ಜರುಗಿ ಕೂತೆ.