ಹದಿನೇಳನೆಯ ಬಾಟಲಿ

ಅಕ್ಟೋಬರ್ ಬಂತೆಂದರೆ ನಮ್ಮಜ್ಜಿ ಮಿಗ್ದಾಲಿಯಾ
ಊರಿನ ಬಾಟಲಿಗಳ ಮೇಲೆ ಕಣ್ಣಿಡುತ್ತಾಳೆ.
ಪೋರ್ಟೊ ರಿಕೊದ ಗುಡ್ಡದ ನೆತ್ತಿಯ ಊರು, ಐಬೊನಿತೋ.
ಹೋಟೆಲಿನವನು ಎತ್ತಿಟ್ಟ ರಮ್ಮಿನವು,
ಔಷಧದಂಗಡಿಯಿಂದ ಕೆಮ್ಮಿನ ಸಿರಪ್ಪಿನದೊಂದು,
ಪಾದ್ರಿಯ ಮನೆಯಿಂದ ನೀಳ ಕತ್ತಿನ ವಿನೆಗರಿನದು
(ವಿನೆಗರಿನದೇ ಎಂದು ಪಾದ್ರಿ ಎರಡು ಸಲ ಹೇಳಿದರು).
ಬಿಸಿನೀರು, ಸೋಡಾ, ಹಿಡಿ ಅಕ್ಕಿ ಹಾಕಿ ಕುಲುಕಿ
ಕಟ್ಟೆಯ ಮೇಲೆ ಬೋರಲು ನಿಲ್ಲಿಸಿದರೆ
ಕ್ರಿಸ್ಮಸ್ಸು ಶುರುವಾಯಿತೆಂದೇ ಲೆಕ್ಕ.

ಕೊಕೀತೋ ಅಂದರೇನೆಂದು ಕೇಳಿದವರಿಗೆ
ಅಜ್ಜಿ ಹೇಳುವುದಿಲ್ಲ, ಕುಡಿಸುತ್ತಾಳೆ.
ತೆಂಗಿನ ಹಾಲು, ಡಬ್ಬಿಯ ಗಟ್ಟಿ ಹಾಲು, ಚಕ್ಕೆ, ಲವಂಗ,
ಮೇಲೆ ರಮ್ಮು. ಎಷ್ಟು ಅಂದರೆ,
"ಡಾಕ್ಟರಿಗೆ ಇಷ್ಟು, ಪಾದ್ರಿಗೆ ಅದಕ್ಕಿಂತ ಇಷ್ಟು,
ಕರೆಂಟಿನ ಕಂಬ ಹತ್ತುವ ಓಸ್ವಾಲ್ದೋಗೆ ಅರ್ಧ,
ಪಾಪ, ಇಳಿದು ಬರಬೇಕಲ್ಲ."

ತೆಂಗಿನಕಾಯಿ ತುರಿಯುವವನು ನಾನು.
ಡಬ್ಬಿಯದೇ ಸಾಕೆಂದ ಅಮ್ಮನನ್ನು
ಆ ವರ್ಷ ಅಡುಗೆಮನೆಗೆ ಬಿಟ್ಟುಕೊಳ್ಳಲಿಲ್ಲ.
ಬೆರಳ ಗೆಣ್ಣಿನ ಚರ್ಮವೂ ಚೂರು ಸೇರಿರುತ್ತದೆ ಪ್ರತಿ ಸಲ;
ರುಚಿ ಕೆಟ್ಟಿತೆಂದು ಯಾರೂ ಅಂದಿಲ್ಲ.

ಹಂಚುವವನೂ ನಾನೇ. ಹದಿನೇಳು ಮನೆ.
ಸೈಕಲ್ಲಿನ ಹಿಂದೆ ಕ್ರೇಟಿನಲ್ಲಿ ಒಂದಕ್ಕೊಂದು ತಾಗಿ
ಏನೇನೋ ಚಾಡಿ ಹೇಳಿಕೊಂಡು ಬರುತ್ತವೆ.
ಕೊನೆಯದು ನೆರೇಯ್ದಾಳ ಮನೆ, ಅಜ್ಜನ ತಂಗಿ.
ಅಜ್ಜಿಗೂ ಅವಳಿಗೂ ಮಾತು ಬಿಟ್ಟು ಹನ್ನೊಂದು ವರ್ಷ.
ಯಾಕೆಂದರೆ ಅಜ್ಜಿ ಹೊಲಿಗೆ ಯಂತ್ರ ಅನ್ನುತ್ತಾಳೆ,
ಅವಳು ಯಾರದೋ ಸಾವಿನ ಮನೆಯಲ್ಲಾಡಿದ ಮಾತು ಅನ್ನುತ್ತಾಳೆ,
ಅಮ್ಮನ ಪ್ರಕಾರ ಇಬ್ಬರಿಗೂ ನೆನಪಿಲ್ಲ.

ಆದರೂ ಹದಿನೇಳನೆಯ ಬಾಟಲಿ ತಪ್ಪಿಲ್ಲ.
"ಗೇಟಿನ ಕಂಬದ ಮೇಲಿಡು. ಕೂಗಬೇಡ.
ಮಾತು ಬಿಟ್ಟವಳು ನಾನು, ಹಬ್ಬ ಬಿಟ್ಟಿಲ್ಲ."
ಮೂರು ರಾಜರ ಹಬ್ಬದ ಮರುದಿನ
ಅದೇ ಕಂಬದ ಮೇಲೆ ಅದೇ ಬಾಟಲಿ,
ಖಾಲಿ, ತೊಳೆದದ್ದು, ಚೀಟಿ ಕಿತ್ತದ್ದು.
ಅಜ್ಜಿ ಬೆಳಕಿಗೆ ಹಿಡಿದು ನೋಡುತ್ತಾಳೆ
ಪತ್ರ ಓದುವ ಹಾಗೆ.
"ಚೆನ್ನಾಗಿ ತೊಳೆದಿದ್ದಾಳೆ."
ಹತ್ತು ಜನವರಿ, ಇಷ್ಟೇ.

ಈ ಸಲ ಬಾಟಲಿ ಭಾರವಿತ್ತು.
ಕತ್ತಿನವರೆಗೂ ಬಿಳಿ.
ಕುಡಿಯಲೇ ಇಲ್ಲವೇ? ಮುಖದ ಮೇಲೆ ಹೊಡೆದ ಹಾಗೆ
ಹಿಂದಕ್ಕೆ ಕೊಟ್ಟಳೇ?
ಹತ್ತಲು ಧೈರ್ಯವಾಗದೆ
ದಾರಿಯುದ್ದಕ್ಕೂ ಸೈಕಲ್ ತಳ್ಳಿಕೊಂಡೇ ಬಂದೆ.
ಮುಚ್ಚಳ ತೆಗೆದು ಮೂಸಬಹುದಿತ್ತು;
ಹೊಳೆಯಲಿಲ್ಲ.

ಅಜ್ಜಿ ಕೂತಳು. ಮೂಸಿದಳು.
ಗಾಜಿನ ಪುಟ್ಟ ಲೋಟಕ್ಕೆ ಎರಡು ಬೆರಳಷ್ಟು ಸುರಿದು
ನಾಲಗೆಯ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಿದಳು.
ಹೊರಗೆ ಕೊಕೀ ಕಪ್ಪೆಗಳು
ತಮ್ಮ ಹೆಸರನ್ನು ತಾವೇ ಕೂಗಿಕೊಳ್ಳುತ್ತಿದ್ದವು.
"ಡಬ್ಬಿಯ ಕಾಯಿಹಾಲು," ಅಂದಳು.
"ಲವಂಗ ಜಾಸ್ತಿ. ಅಯ್ಯೋ, ಜಾಯಿಕಾಯಿ ಬೇರೆ!"
ಇನ್ನೊಂದು ಲೋಟ ಸುರಿದುಕೊಂಡಳು,
ಉಳಿದ ತಪ್ಪು ಹುಡುಕಲಿಕ್ಕೆ.

ಆಮೇಲೆ ಎದ್ದು ಫೋನಿನ ಹತ್ತಿರ ಹೋಗಿ
ಪುಸ್ತಕ ನೋಡದೆ ಅಂಕಿ ಒತ್ತಿದಳು.
ಆ ಕಡೆ ಎತ್ತಿದ ಸದ್ದು.
ಹೇಗಿದ್ದೀ ಇಲ್ಲ, ಯಾರೆಂದು ಹೇಳಲಿಲ್ಲ.
"ಜಾಯಿಕಾಯಿ ಹಾಕುತ್ತಾರೇನೇ ಯಾರಾದರೂ?"

ಬಂದದ್ದು ಉತ್ತರವಲ್ಲ, ಬೈಗುಳ.
ಕೋಣೆಯ ಈ ತುದಿಗೂ ಕೇಳುವಷ್ಟು.
ಒಂದು ಗಂಟೆ ನಲವತ್ತು ನಿಮಿಷ.
ಹೊಲಿಗೆ ಯಂತ್ರದವರೆಗೆ ಹೋಗಲೇ ಇಲ್ಲ ಜಗಳ,
ತೆಂಗಿನಕಾಯಿಯಲ್ಲೇ ಸಿಕ್ಕಿಕೊಂಡಿತ್ತು.

ನಾನು ಖಾಲಿ ಬಾಟಲಿಗಳನ್ನೆಣಿಸಿ ಕ್ರೇಟಿಗಿಟ್ಟೆ.
ಹನ್ನೆರಡು. ನಾಲ್ಕು ಮನೆಯವು ಇನ್ನೂ ಬರಬೇಕು.
ಪಾದ್ರಿ ಯಾವತ್ತೂ ಕೊಡುವುದಿಲ್ಲ.