ಐವತ್ತು ಕಿಲೋ

ಅಧಿವೇಶನ ಮುಗಿಯಲು ಇನ್ನೆರಡೇ ದಿನ.
ಬೆಳಗಾವಿಯಿಂದ ಅಧ್ಯಕ್ಷ ಜಯಪಾಲಯ್ಯನವರ ಫೋನು:
"ಮನವಿಯಲ್ಲಿ ಬರೀ ಲೆಕ್ಕ ಇದೆಯಲ್ರೀ ಕಾರ್ಯದರ್ಶಿಗಳೇ,
ಒಂದಿಷ್ಟು ಕರುಣೆ ಸೇರಿಸಿ, ರಾತ್ರಿಯೊಳಗೆ ಕಳಿಸಿ."

ಎಲ್ಲಿ ಸೇರಿಸಲಿ?
ಮೊದಲ ಪುಟದ ತುಂಬ ಮಾನ್ಯರು.
ಎರಡನೆಯದರಲ್ಲಿ ಗೋಣಿಚೀಲದ ದರ, ಹೊಲಿಗೆಯ ಕೂಲಿ,
ತಕ್ಕಡಿಗೆ ಮತ್ತೆ ಮುದ್ರೆ ಒತ್ತಿಸುವ ಖರ್ಚು.
ಮೂರನೆಯದರಲ್ಲಿ ವಿಧೇಯಕದ ಏಳನೇ ಖಂಡ:
ಹಮಾಲನೊಬ್ಬನ ಬೆನ್ನಿಗೆ ಐವತ್ತು ಕಿಲೋ ಮೀರಿ
ಹೊರಿಸತಕ್ಕದ್ದಲ್ಲ.
ಅದರ ಕೆಳಗೆ ನಾಲ್ಕು ಬೆರಳಗಲ ಜಾಗವಿತ್ತು.

ಹಾಸನದ ಸಂತೇಪೇಟೆಯ ಡಿಟಿಪಿ ಅಂಗಡಿಯಲ್ಲಿ
ಸಮೀನಾ ಬೆರಳೆತ್ತಿ ಕಾಯುತ್ತಿದ್ದಳು.
ನಾನು ಹೇಳಿದೆ, ಅವಳು ಕುಟ್ಟಿದಳು:
ಈ ಮಿತಿಯಿಂದ ಬಡ ಹಮಾಲರ ದಿನಗೂಲಿಗೇ
ಪೆಟ್ಟು ಬೀಳುವುದೆಂಬುದು ನಮ್ಮ ಕಳಕಳಿ.
"ಕಳಕಳಿಗೆ ಎರಡೂ ಕಡೆ ಳ ಅಲ್ವಾ ಸಾರ್?"
"ಎರಡೂ ಕಡೆ," ಅಂದೆ.
ನಾಲಿಗೆ ಎರಡು ಸಲ ಹೊರಳಬೇಕು ಆ ಪದಕ್ಕೆ.

ಸಹಿ ಬೇಕಿತ್ತು. ಹಮಾಲರದೂ ನಾಲ್ಕಿದ್ದರೆ ಚೆನ್ನ.
ಯಾರ್ಡಿಗೆ ಹೋದೆ. ಡಿಸೆಂಬರಿನ ಮಂಜಿನಲ್ಲಿ
ಅರಕಲಗೂಡಿನ ಕಡೆಯ ಲಾರಿ, ಮುಸುಕಿನ ಜೋಳ,
ಚೀಲದ ಮೇಲೆ ನೀಲಿ ಶಾಯಿಯಲ್ಲಿ ತೊಂಬತ್ತೆರಡು.
ಹೊರೆ ಇರುವಾಗ ಕರಿನಿಂಗ ಯಾರ ಮುಖವನ್ನೂ ನೋಡಲಾರ,
ಕಾಲು ನೋಡಿ ಗುರುತು ಹಿಡಿಯುತ್ತಾನೆ.
"ಬನ್ನಿ ಸೆಕ್ರೆಟ್ರಿ ಸಾ. ಚಪ್ಪಲಿ ಹೊಸಾದು."

ಇಳಿಸಿ ಬಂದ. ಟವೆಲ್ಲಿನಲ್ಲಿ ಕೈ ಒರೆಸಿಕೊಂಡ.
"ಏನ್ ಬರ್ದೈತೆ ಇದ್ರಲ್ಲಿ?"
"ನಿಮ್ ಕೂಲಿ ಕಮ್ಮಿ ಆಗ್ಬಾರ್ದು ಅಂತ."
ಕಮ್ಮಿ ಮಾಡುವವರು ಯಾರು ಎಂದು ಅವನು ಕೇಳಲಿಲ್ಲ.
ನಾನೂ ಬರೆದಿರಲಿಲ್ಲ.
ಲಾರಿಯ ಬಾನೆಟ್ಟಿನ ಮೇಲೆ ಹಾಳೆ ಹರವಿ
ಕ ಬರೆದ, ರಿ ಬರೆದ, ನಿ ಬರೆದ, ಗ ಬರೆದ,
ಪೆನ್ನು ಕೊಟ್ಟವನು ಮತ್ತೆ ಈಸಿಕೊಂಡು
ಮರೆತಿದ್ದ ಸೊನ್ನೆಯನ್ನು ನಡುವೆ ಇರುಕಿಸಿದ.
ಅಷ್ಟು ಜಾಗ್ರತೆಯಿಂದ ನಮ್ಮ ನಲವತ್ತು ವರ್ತಕರಲ್ಲಿ
ಒಬ್ಬರೂ ಸಹಿ ಮಾಡಿರಲಿಲ್ಲ.

ಕೊನೆಯ ದಿನ ಸಂಘದ ಕಚೇರಿಯಲ್ಲಿ
ಟಿವಿಯ ಮುಂದೆ ಎಂಟು ಜನ, ಒಂದು ಪೊಟ್ಟಣ ಕಡ್ಲೆಬೀಜ.
ಸದನದಲ್ಲಿ ಬೇರಾವುದೋ ಮಾತಿಗೆ ಬೇರಾರದೋ ಸಿಟ್ಟು,
ಬಾವಿಗಿಳಿದವರು ಮೇಲೆ ಬರಲೊಲ್ಲರು.
ಮೊಗಸಾಲೆಯಿಂದ ಜಯಪಾಲಯ್ಯ ಗಂಟೆಗೊಮ್ಮೆ:
"ಆಪ್ತ ಸಹಾಯಕರು ಸಿಕ್ಕರು." "ಮಂತ್ರಿಗಳು ನೋಡಿ ನಕ್ಕರು."
"ಹತ್ತು ಪೊಟ್ಟಣ ಕಾಫಿಪುಡಿಯಲ್ಲಿ ಎರಡು ಉಳಿದಿವೆ."

ಪಟ್ಟಿಯಲ್ಲಿ ನಮ್ಮದು ಹನ್ನೊಂದನೆಯದು.
ಒಂಬತ್ತು ವಿಧೇಯಕ ಗದ್ದಲದಲ್ಲೇ ಪಾಸಾದವು,
ಹೌದೆಂದವರು ಯಾರೋ, ಅಲ್ಲವೆಂದವರು ಯಾರೋ.
ಹತ್ತನೆಯದಕ್ಕೆ ಸಭಾಧ್ಯಕ್ಷರು ಗಡಿಯಾರ ನೋಡಿದರು.
ಅನಿರ್ದಿಷ್ಟ ಕಾಲ. ಜನಗಣಮನ.
ನಾವೂ ಕಡ್ಲೆಸಿಪ್ಪೆ ಕೊಡವಿ ಎದ್ದು ನಿಂತೆವು.

"ಗೆದ್ವಿ ಕಣ್ರೀ! ನಿಮ್ಮ ಮೂರನೇ ಪುಟ ಕೆಲಸ ಮಾಡಿತು."

ಮೂರು ದಿನ ಬಿಟ್ಟು ಬಂದರು, ಕಾರಿನ ಡಿಕ್ಕಿಯಲ್ಲಿ
ಮಂದಿಗೆಲ್ಲ ಹಂಚಲು ಕುಂದಾ,
ಜೊತೆಗೆ ಹಂಚದೇ ಉಳಿದ ಮನವಿ ಪ್ರತಿಗಳ ಕಟ್ಟು,
ದಾರ ಕೂಡ ಬಿಚ್ಚಿರಲಿಲ್ಲ.
ಮಹಡಿಗೆ ಒಯ್ಯಲು ಕರಿನಿಂಗನನ್ನೇ ಕರೆದರು.
ಒಂದೇ ಕೈಯಲ್ಲಿ ಎತ್ತಿ ಆಡಿಸಿದ,
"ಹನ್ನೆರಡು ಕಿಲೋ," ಅಂದ, "ಇದಕ್ಕೂ ಒಬ್ಬಾಳ್ ಬೇಕಾ?"
ಅಭ್ಯಾಸಬಲ, ತಕ್ಕಡಿಗೆ ಹಾಕಿದೆ.
ಹನ್ನೆರಡಕ್ಕೆ ನೂರು ಗ್ರಾಂ ಕಮ್ಮಿ.

"ನನ್ ಸಹಿ ಮಾಡಿದ್ದು ಓದುದ್ರಾ ಸಾ, ಅಲ್ಲಿ?"
ತುಟಿಯಲ್ಲಿ ಕುಂದಾ, ಬೆನ್ನಲ್ಲಿ ಏನೂ ಇರಲಿಲ್ಲ,
ನೆಟ್ಟಗೆ ನನ್ನ ಮುಖ ನೋಡುತ್ತಿದ್ದ.
ಅವನ ಕಾಲು ಯಾವ ಥರದ್ದೆಂದು
ನಾನು ಅವತ್ತೇ ಮೊದಲು ನೋಡಿದ್ದು.