ಯಾರಿಂದ

ಗ್ರಿಮ್ಸ್‌ಬಿ ಪುರಸಭೆ, ವಸತಿ ಇಲಾಖೆ, ಎರಡನೇ ಮಹಡಿ.
ಕಿಟಕಿ ತೆರೆದರೆ ಮೀನಿನ ವಾಸನೆ, ಮುಚ್ಚಿದರೆ ಹೀಟರಿನದು.
ಐಡಾ ಮಾರ್‌ಫ್ಲೀಟ್ ಕೆಲಸಕ್ಕೆ ಸೇರಿದ ವಾರ
ಟೈಪು ಮಾಡಿದ ಮೊದಲ ಕಾಗದ:
'ನಿಮ್ಮ ಅರ್ಜಿಯನ್ನು ನಾನು ಓದಿದೆ. ನಾನು ಈಗ
ಮನೆ ಕೊಡಲಾರೆ. ನನಗೆ ಬೇಸರವಿದೆ.'
ಪ್ರೆಂಟಿಸ್ ಸಾಹೇಬರ ನೀಲಿ ಪೆನ್ಸಿಲು
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ
'ನಾನು'ಗಳನ್ನು ಒಂದೊಂದಾಗಿ ಆರಿಸಿತು.
"ನೋಡಮ್ಮ, ಈ ಕಚೇರಿಯಲ್ಲಿ
ಯಾರೂ ಏನನ್ನೂ ಮಾಡುವುದಿಲ್ಲ.
ಎಲ್ಲವನ್ನೂ ಮಾಡಲಾಗುತ್ತದೆ."

ಅಂದಿನಿಂದ
ಪರಿಶೀಲಿಸಲಾಯಿತು. ವಿಷಾದಿಸಲಾಯಿತು.
ಬಾಡಿಗೆ ಏರಿಸಲಾಯಿತು, ಬೀಗ ಬದಲಿಸಲಾಯಿತು.
ಕೀಲಿಗೆ ಕೈ ಇತ್ತು,
ಕೈಗೆ ಮೈ ಇರಲಿಲ್ಲ.

ಕೆಳಗೆ ಬಂದರಿನ ಚಹಾದಂಗಡಿಯಲ್ಲಿ ಬೇರೆಯೇ ಮಾತು:
ಗಾಟ್ ಸೋಕ್ಡ್, ಗಾಟ್ ನಿಕ್ಡ್, ಗಾಟ್ ಸ್ಯಾಕ್ಡ್.
ತೊಯ್ದದ್ದು ಸಿಕ್ಕಿತು, ಪೊಲೀಸರು ಹಿಡಿದದ್ದು ಸಿಕ್ಕಿತು,
ಕೆಲಸ ಹೋದದ್ದೂ ಸಿಕ್ಕಿತು, ಲಾಟರಿಯ ಹಾಗೆ.
ಬಂದದ್ದೆಲ್ಲ ಗಳಿಕೆ ಎಂದುಕೊಂಡು
ನಗುತ್ತ ಸಕ್ಕರೆ ಕಲಸುತ್ತಾರೆ.

ನನ್ನ ಕನ್ನಡದ ಬಾಯಿಗೆ ಈ ಪ್ರಯೋಗ ಹತ್ತದು.
ವ್ಯಾಕರಣದ ಮೇಷ್ಟ್ರು ಮಾತ್ರ ವರ್ಷಕ್ಕೊಮ್ಮೆ
ರಾವಣನು ರಾಮನಿಂದ ಕೊಲ್ಲಲ್ಪಟ್ಟನು ಎಂದು ಬರೆದು
ಗಂಟೆ ಹೊಡೆಯುವ ಮೊದಲೇ ಒರೆಸುತ್ತಿದ್ದರು.
ಆದರೂ ಅದರ ಬಾಲದಲ್ಲೊಂದು ನಿಜ ಅಂಟಿಕೊಂಡಿದೆ: ಪಡು.
ನೋವು ಪಡು. ಪಡಬಾರದ ಪಾಡು ಪಡು.
ಮಾಡಿದವನು ಮರೆಯಾದರೂ
ಪಟ್ಟವನು ಕ್ರಿಯಾಪದದ ಕೊನೆಯಲ್ಲಿ ಕೂತೇ ಇರುತ್ತಾನೆ,
ಏಳುವುದಿಲ್ಲ.
ಇಂಗ್ಲಿಷಿನಲ್ಲಿ ಬರೀ 'ಇತ್ತು'. ಇತ್ತು, ಅಷ್ಟೇ.

ಅಂಥ ಪಟ್ಟವನೊಬ್ಬ ಮಂಗಳವಾರ ಕೌಂಟರಿಗೆ ಬಂದ.
ಆಂಬ್ರೋಸ್ ಡಾಬ್ಸ್, ಟ್ರಾಲರಿನ ಅಡುಗೆಯವ,
ಬಲಗೈಯಲ್ಲಿ ಮೂರೇ ಬೆರಳು.
ಕಾಗದ ಮಡಚಿ ಮಡಚಿ ಬೆಂಕಿಪೊಟ್ಟಣದಷ್ಟಾಗಿತ್ತು.
"ಮನೆ ತೆರವು ಮಾಡಿಸಲು ನಿರ್ಧರಿಸಲಾಗಿದೆಯಂತೆ.
ಯಾರು?"
ಐಡಾ ಕಾಗದವನ್ನು ತಿರುಗಿಸಿಯೂ ನೋಡಿದಳು.
ಸಹಿಯ ಜಾಗದಲ್ಲಿ ರಬ್ಬರು ಮುದ್ರೆ.
"ಹುಡುಕಿಕೊಂಡು ಹೋಗಿ ಹೊಡೆಯುವವನಲ್ಲ ನಾನು.
ಬಯ್ಯಲಿಕ್ಕೆ ಒಂದು ಹೆಸರು ಬೇಕು.
ಸಮುದ್ರಕ್ಕಾದರೂ ಹೆಸರಿದೆ."
"ಟೈಪು ಮಾಡಿದವಳು ನಾನು," ಎಂದಳು. "ಐಡಾ."
ಅವನು ಅವಳನ್ನೇ ನೋಡಿದ, ತುಂಬ ಹೊತ್ತು.
ಬಯ್ಯಲಿಲ್ಲ.
ಟೋಪಿ ಹಾಕಿಕೊಂಡು ಮೆಟ್ಟಿಲಿಳಿದ.

ಆ ಸಂಜೆ ಮನೆಯಲ್ಲಿ ಅತ್ತೆಯ ಹೂಜಿ ಚೂರಾಗಿತ್ತು.
"ಇಟ್ ಗಾಟ್ ಬ್ರೋಕನ್," ಎಂದ ಆರು ವರ್ಷದ ರೂಪರ್ಟ್
ಗೋಡೆಗೆ ಹೇಳುವವನಂತೆ.
ಯಾವ ಪ್ರೆಂಟಿಸನೂ ಕಲಿಸದೆ!
ನಗು ಬಂತು ಅವಳಿಗೆ, ಅರ್ಧಕ್ಕೇ ನಿಂತಿತು.
ಚೂರುಗಳನ್ನು ಇಬ್ಬರೂ ಕೂಡಿ ಆರಿಸಿದರು.

ಆಮೇಲೂ ಇಪ್ಪತ್ತೆರಡು ವರ್ಷ
ಅದೇ ಕುರ್ಚಿ, ಅದೇ ಲಾಗಿದೆ, ಲಾಗುವುದು.
ಏನೂ ಬದಲಾಗಲಿಲ್ಲ, ಅಥವಾ ಬದಲಿಸಲಾಗಲಿಲ್ಲ.
ಸಾಹೇಬರು ಬಿಟ್ಟುಹೋದ ನೀಲಿ ಪೆನ್ಸಿಲು
ಹೆಬ್ಬೆರಳಷ್ಟಾಗಿ, ನಿವೃತ್ತಿಯ ದಿನ
ಅವಳ ಕೈಚೀಲದಲ್ಲಿ ಮನೆ ಸೇರಿತು.

ಒಂದು ಗುರುವಾರ ಪದಬಂಧ ತುಂಬುತ್ತ
ಪಕ್ಕದ ಅಂಕಣಕ್ಕೆ ಕಣ್ಣು ಹೋಯಿತು.
'ಆಂಬ್ರೋಸ್ ಡಾಬ್ಸ್. ತುಂಬಾ ಪ್ರೀತಿಸಲ್ಪಟ್ಟವರು.
ಸದಾ ನೆನೆಯಲ್ಪಡುವರು.'
ಯಾರಿಂದ ಎಂದು ಹಾಕಿರಲಿಲ್ಲ.
ಹಾಕುವ ವಾಡಿಕೆಯೂ ಇಲ್ಲ.
ಪೆನ್ಸಿಲು ಹಿಡಿದ ಕೈ ಅಂಚಿನವರೆಗೆ ಹೋಗಿ
ತಡೆಯಿತು.
ಆ ಖಾಲಿ ಜಾಗದಲ್ಲಿ ಆಗಲೇ ಯಾರ್ಯಾರೋ ನಿಂತಿದ್ದರು,
ಮೀನುಕಟ್ಟೆಯ ಹೆಂಗಸರು, ಹಡಗಿನ ಹುಡುಗರು,
ಹೆಸರು ಕೇಳಿದರೆ ನಾಚುವವರು,
ತಲೆ ತಗ್ಗಿಸಿಕೊಂಡು, ಟೋಪಿ ಕೈಯಲ್ಲಿ.

ಐಡಾ ಸ್ವಲ್ಪ ಸರಿದು
ಅವರ ಹಿಂದೆ ನಿಂತಳು.